ಹರಾಜಿಗಿಟ್ಟ ಚೆಂಡಿಗೆ ಗಿರಾಕಿಯೇ ಇಲ್ಲ!

ಹಳೇ ಟ್ರೆಡಲ್ ಮೆಷಿನ್ ಮಾರಲು ಹೊರಟರೆ ಬೇರೆ ಯಾರೂ ಬರದಿದ್ದರೂ ಕಡೆಗೆ ಗುಜರಿಯವನಾದರೂ ಬರುತ್ತಾನೆ. ಸುತ್ತ ಒಂದು ಸಲ ತಿರುಗಿ ನೋಡಿ, ಮೂಗು ಮುರಿದು, ಕಿಲೋ ಲೆಕ್ಕದಲ್ಲಿ ಒಂದು ರೇಟು ಹೇಳುತ್ತಾನೆ. ನಮ್ಮ ದೇಶದ ಫುಟ್‌ಬಾಲಿಗೆ ಆ ಭಾಗ್ಯವೂ ಬರಲಿಲ್ಲ. ಇಂಡಿಯನ್ ಸೂಪರ್ ಲೀಗ್ ಎಂಬ ದೇಶದ ಅತಿ ದೊಡ್ಡ ಲೀಗಿನ ವ್ಯಾಪಾರದ ಹಕ್ಕನ್ನು ಹದಿನೈದು ವರ್ಷಕ್ಕೆ ಕೊಡುತ್ತೇವೆ ಬನ್ನಿ ಎಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಟೆಂಡರ್ ಕರೆದಿತ್ತು. ಗಡುವನ್ನು ಎರಡು ದಿನ ಮುಂದಕ್ಕೂ ಹಾಕಿತ್ತು. 2025ರ ನವೆಂಬರ್ 7ರಂದು ಗಡುವು ಮುಗಿದಾಗ ನೋಡಿದರೆ ಒಂದೇ ಒಂದು ಅರ್ಜಿ ಇಲ್ಲ! ನೂರ ನಲವತ್ತು ಕೋಟಿ ಜನರಿರುವ ದೇಶದ ಆಟ ಸ್ವಾಮಿ, ಕೇಳುವವರು ಗತಿಯಿಲ್ಲ.

ಈ ಕಥೆ ಶುರುವಾದದ್ದು 2010ರ ಡಿಸೆಂಬರಿನಲ್ಲಿ. ಫೆಡರೇಷನ್ನಿನ ದೊರೆಗಳು ಫುಟ್‌ಬಾಲಿನ ಎಲ್ಲ ವ್ಯಾಪಾರದ ಹಕ್ಕನ್ನು ಹದಿನೈದು ವರ್ಷಕ್ಕೆ 700 ಕೋಟಿ ರೂಪಾಯಿಗೆ ರಿಲಯನ್ಸ್ ಕಡೆಯವರಿಗೆ ಬರೆದುಕೊಟ್ಟರು. ಜಮೀನು ಗುತ್ತಿಗೆಗೆ ಬಿಟ್ಟು ಜಗಲಿ ಮೇಲೆ ಕೂತ ಸಾಹುಕಾರನ ಹಾಗೆ ವರ್ಷ ವರ್ಷ ಹಣ ಎಣಿಸಿಕೊಂಡರು. ಗುತ್ತಿಗೆದಾರ ಬದು ಹಾಕುತ್ತಾನೋ, ಗೊಬ್ಬರ ಚೆಲ್ಲುತ್ತಾನೋ ಕೇಳಲಿಲ್ಲ. 2014ರಲ್ಲಿ ಐಎಸ್‌ಎಲ್ ಬಂತು. ಸಿನಿಮಾದವರು ಬಂದರು, ಕ್ರಿಕೆಟ್ಟಿನವರು ಬಂದರು, ತಮ್ಮ ದೇಶದಲ್ಲಿ ಆಡಿ ಮುಗಿಸಿದ್ದ ವಿದೇಶಿ ಆಟಗಾರರು ಬಂದರು. ಲೈಟು, ಡ್ರಮ್ಮು, ಪಟಾಕಿ. 2025ರ ಜುಲೈನಲ್ಲಿ, ಗುತ್ತಿಗೆ ಮುಗಿಯಲು ಇನ್ನೂ ಐದು ತಿಂಗಳಿರುವಾಗಲೇ, ಲೀಗ್ ನಡೆಸುವ ಕಂಪನಿ ಮುಂದಿನ ಕರಾರು ಸ್ಪಷ್ಟವಾಗುವ ತನಕ ಆಟ ತಡೆಹಿಡಿದಿದ್ದೇವೆ ಎಂದು ಕೈ ಎತ್ತಿತು. ಆಗಸ್ಟಿನಲ್ಲಿ ನಮ್ಮ ಊರಿನದೇ ಆದ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿದ್ದಾಗಿ ಪ್ರಕಟಣೆ ಹೊರಡಿಸಿತು. ಮಕ್ಕಳ ತಂಡಗಳನ್ನು ಮಾತ್ರ ಮುಂದುವರಿಸುತ್ತೇವೆ ಎಂದಿತು, ಅಷ್ಟರ ಮಟ್ಟಿಗೆ ಪುಣ್ಯ. ಸುಪ್ರೀಂ ಕೋರ್ಟು ನಡುವೆ ಬಂದು ಟೆಂಡರ್ ಕರೆಯಿರಿ ಎಂದಿತು. ಟೆಂಡರಿನ ಗತಿ ಏನಾಯಿತೆಂದು ಮೇಲೆ ಹೇಳಿದ್ದೇನೆ. 2026ರ ಜನವರಿಯಲ್ಲಿ ದೇಶದ ಪರ ಆಡಿದ ಆಟಗಾರರೇ ವಿಡಿಯೋದಲ್ಲಿ ಕಾಣಿಸಿಕೊಂಡು, ನಮ್ಮನ್ನು ಉಳಿಸಿ ಎಂದು ಫಿಫಾಕ್ಕೆ ಮೊರೆಯಿಟ್ಟರು. ಆಮೇಲೆ ಕೇಂದ್ರ ಕ್ರೀಡಾ ಸಚಿವರು ಫೆಬ್ರವರಿ 14ರಿಂದ 14 ತಂಡಗಳ ಮೊಟಕು ಲೀಗ್ ನಡೆಯುತ್ತದೆಂದು ಘೋಷಿಸಿದರು. ಪ್ರೇಮಿಗಳ ದಿನ! ಮುಹೂರ್ತ ಇಟ್ಟವರು ಯಾರೋ ರಸಿಕರೇ ಇರಬೇಕು.

ಲೀಗಿನ ಪಾಡು ಇದಾದರೆ ರಾಷ್ಟ್ರ ತಂಡದ ಪಾಡು ಇನ್ನೂ ಚೆಂದ. ಅದೇ 2025ರ ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶದ ಕೈಲಿ ಒಂದು ಗೋಲಿನಿಂದ ಸೋತೆವು. ಬಾಂಗ್ಲಾದವರ ಎದುರು ಸೋತು 22 ವರ್ಷವಾಗಿತ್ತು. ಅದಕ್ಕೆ ಮುಂಚೆಯೇ ಅಕ್ಟೋಬರಿನಲ್ಲಿ, ನಮ್ಮ ಬೆಂಗಳೂರಿಗಿಂತ ಕಡಿಮೆ ಜನರಿರುವ ಸಿಂಗಪುರದ ಕೈಲಿ ಗೋವಾದಲ್ಲಿ ಸೋತು 2027ರ ಏಷ್ಯನ್ ಕಪ್ಪಿನ ಬಾಗಿಲು ಮುಚ್ಚಿಸಿಕೊಂಡಿದ್ದೆವು. ಫಿಫಾ ಪಟ್ಟಿಯಲ್ಲಿ 1996ರ ಫೆಬ್ರವರಿಯಲ್ಲಿ 94ನೇ ಜಾಗದಲ್ಲಿದ್ದ ತಂಡ 2025ರ ನವೆಂಬರಿಗೆ 142ಕ್ಕೆ ಜಾರಿತು. ಢಾಕಾದಲ್ಲಿ ನಾವು ಸೋತ ಅದೇ ದಿನ ಕುರಸಾವ್ ಎಂಬ ಪುಟ್ಟ ದ್ವೀಪ 2026ರ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಅಲ್ಲಿರುವ ಜನ ಒಂದೂವರೆ ಲಕ್ಷ ಚಿಲ್ಲರೆ. ನಮ್ಮ ಜಯನಗರ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯೇ ಅದಕ್ಕಿಂತ ಉದ್ದ ಇದೆ. ಆ ತಂಡದ ಹುಡುಗರಲ್ಲಿ ಬಹುಪಾಲು ಹಾಲೆಂಡಿನಲ್ಲಿ ಹುಟ್ಟಿ ಆಟ ಕಲಿತವರು ಎಂಬುದೂ ನಿಜ, ಮುಚ್ಚಿಡುವುದಿಲ್ಲ. ಆದರೆ ಆಟ ಕಲಿಸಲು ಎಲ್ಲಾದರೂ ಒಂದು ಮೈದಾನ, ಒಬ್ಬ ಗುರು, ಒಂದು ಲೀಗು ಬೇಕು ಎಂಬುದಕ್ಕೆ ಅದೇ ಸಾಕ್ಷಿ ಅಲ್ಲವೇ?

ಇಷ್ಟು ಓದಿದ ಮೇಲೆ ನಮ್ಮ ಸಂಘಟನೆಯ ಗೆಳೆಯರು ಕೇಳುವ ಪ್ರಶ್ನೆ ನನಗೆ ಗೊತ್ತು. 'ಕನ್ನಡದ ಪತ್ರಿಕೆಯಲ್ಲಿ ಇದೆಲ್ಲ ಯಾಕಣ್ಣ? ಫುಟ್‌ಬಾಲು ಬಂಗಾಳಿಗಳದ್ದು, ಮಲಯಾಳಿಗಳದ್ದು. ಬೆಂಗಳೂರಲ್ಲಿ ಆಡಿದರೂ ದಂಡಿನವರು ಆಡುತ್ತಾರೆ. ನಮಗೂ ಅದಕ್ಕೂ ಏನು ಸಂಬಂಧ?'

ಸಂಬಂಧ ಏನೆಂದು ಹೇಳುತ್ತೇನೆ ಕೇಳಿ.

1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಯಾವುದು? ಕಲ್ಕತ್ತೆಯದಲ್ಲ. ಬೆಂಗಳೂರು ಮುಸ್ಲಿಮ್ಸ್. ಅಲ್ಲಿಯ ತನಕ ಆ ಕಪ್ಪು ಬಿಳಿಯರ ಪಲ್ಟನ್‌ಗಳ ಸ್ವತ್ತಾಗಿತ್ತು. ಮರುವರ್ಷವೂ ಇವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಸ್ವಾತಂತ್ರ್ಯ ಬಂದು ವರ್ಷವೂ ತುಂಬಿರಲಿಲ್ಲ, ಫ್ರಾನ್ಸಿನ ಎದುರು ನಮ್ಮವರು ಹೆಚ್ಚಿನವರು ಬರಿಗಾಲಲ್ಲಿ ಇಳಿದರು. ಎರಡು ಪೆನಾಲ್ಟಿ ಕೈಬಿಟ್ಟು 1-2ರಲ್ಲಿ ಸೋತರು. ಆ ಒಂದು ಗೋಲು, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು, ಹೊಡೆದವರು ನಮ್ಮ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು, ಧನರಾಜ್ ಇದ್ದರು, ವಜ್ರವೇಲು ಇದ್ದರು. ಅಹ್ಮದ್ ಖಾನ್ ಕಾಲಿಗೆ ಚೆಂಡು ಸಿಕ್ಕರೆ ಹಾವಾಡಿಗನ ಪುಂಗಿಗೆ ಹಾವು ಸಿಕ್ಕಂತೆ. ಹಾಗಾಗಿ ಹಾವಾಡಿಗ ಎಂದೇ ಅವರಿಗೆ ಹೆಸರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನವರು 'ಪಂಚ ಪಾಂಡವರು' ಎಂದು ಇವತ್ತಿಗೂ ಕೈಮುಗಿಯುವ ಐವರಲ್ಲಿ ಇಬ್ಬರು, ಅಹ್ಮದ್ ಖಾನ್ ಮತ್ತು ಧನರಾಜ್, ಈ ಊರಿನವರು. 1951ರ ದೆಹಲಿ ಏಷ್ಯನ್ ಗೇಮ್ಸಿನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅಹ್ಮದ್ ಖಾನ್. 2017ರ ಆಗಸ್ಟಿನಲ್ಲಿ ಅವರು ತೀರಿಕೊಂಡಾಗ ಕಲ್ಕತ್ತೆಯವರಿಗೆ ಗೊತ್ತಾದಷ್ಟು ಜಯನಗರದವರಿಗೆ ಗೊತ್ತಾಗಲಿಲ್ಲ. ನಮ್ಮ ಪೈಕಿ ಎಷ್ಟು ಸಂಘಟನೆಗಳು ಒಂದು ಶ್ರದ್ಧಾಂಜಲಿ ಬ್ಯಾನರ್ ಕಟ್ಟಿದವು? ಬ್ಯಾನರು ಮಾಡಿಕೊಡುವವನು ನಾನು, ಲೆಕ್ಕ ನನಗೆ ಗೊತ್ತು. ನನ್ನ ಪ್ರೆಸ್ಸಿಗೆ ಒಂದೂ ಬರಲಿಲ್ಲ.

1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂತು. ಆ ಎತ್ತರಕ್ಕೆ ಮತ್ತೆ ಏರಲೇ ಇಲ್ಲ. ಆ ತಂಡದಲ್ಲಿದ್ದವರು ಬೆಂಗಳೂರಿನ ಕೆಂಪಯ್ಯ. ಹೆಸರು ಕೇಳಿದರೆ ಸಾಕು, ಯಾವ ಮಣ್ಣಿನದೆಂದು ಹೇಳಬೇಕಾಗಿಲ್ಲ. 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನು ಸೋಲಿಸಿ ಚಿನ್ನ ತಂದ ತಂಡದಲ್ಲಿ ಅರುಮೈನಾಯಗಂ, ಕಲ್ಕತ್ತೆಯ ಜನ 'ಬೇಬಿ ಟ್ಯಾಕ್ಸಿ' ಎಂದು ಕೂಗುತ್ತಿದ್ದ ಬೆಂಗಳೂರಿನ ಆಟಗಾರ. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು: 1946-47, 1952-53, 1967-68, 1968-69. ನಾಲ್ಕೂ ಸಲ ಫೈನಲ್ಲಿನಲ್ಲಿ ಸೋತವರು ಬಂಗಾಳದವರೇ! ಫುಟ್‌ಬಾಲ್ ಬಂಗಾಳಿಗಳದ್ದು ಎನ್ನುವವರು ಈ ಸಾಲನ್ನು ಎರಡು ಸಲ ಓದಿಕೊಳ್ಳಲಿ.

ಆಮೇಲಿನದು ಕಾರ್ಖಾನೆಗಳ ಕಾಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ರೋಗದ ಬೇರು ಇಲ್ಲಿದೆ. ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇ, ಸಿಐಎಲ್, ಎಂಇಜಿ, ಎಎಸ್‌ಸಿ ಎಂದು ಬೆಂಗಳೂರಿನ ಲೀಗಿನ ತುಂಬ ಕಾರ್ಖಾನೆಯ ತಂಡಗಳು, ಮಿಲಿಟರಿ ತಂಡಗಳು. ಪ್ರತಿ ಕಾರ್ಖಾನೆಯಲ್ಲೂ ಆಟಗಾರರಿಗೆಂದು ಕೆಲಸ ಇರುತ್ತಿತ್ತು. ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿದ್ದರೆ ಸಾಕು, ಕಾಲಲ್ಲಿ ಆಟ ಇದ್ದರೆ ಆಯಿತು. ಬೆಳಿಗ್ಗೆ ಮೆಷಿನ್ ಮುಂದೆ, ಮಧ್ಯಾಹ್ನ ಮೇಲೆ ಪ್ರಾಕ್ಟೀಸು. ತಿಂಗಳಿಗೆ ಸಂಬಳ, ಇಎಸ್‌ಐ, ಪ್ರಾವಿಡೆಂಟ್ ಫಂಡು, ಕ್ವಾರ್ಟರ್ಸು. ಮೂವತ್ತು ದಾಟಿ ಮಂಡಿ ಕೈಕೊಟ್ಟರೂ ಮನೆಯಲ್ಲಿ ಒಲೆ ಆರುತ್ತಿರಲಿಲ್ಲ. ಅದಕ್ಕೇ ಬಡವರ ಮನೆಯ ತಾಯಿ 'ಆಡು ಹೋಗೋ ಮಗನೇ' ಎನ್ನುತ್ತಿದ್ದಳು. ಈ ವ್ಯವಸ್ಥೆ ಏನು ಕೊಟ್ಟಿತು? 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ನಡೆದಾಗ ಫೈನಲ್ಲಿನಲ್ಲಿ ಮೋಹನ್ ಬಾಗಾನನ್ನು ಒಂದು ಗೋಲಿನಿಂದ ಸೋಲಿಸಿ ಕಪ್ಪು ಎತ್ತಿದ್ದು ದೂರವಾಣಿನಗರದಲ್ಲಿ ಟೆಲಿಫೋನ್ ತಯಾರಿಸುವ ಐಟಿಐ ತಂಡ!

1991ರ ನಂತರ ಉದಾರೀಕರಣ ಬಂತು. ಹೊಸ ನೇಮಕ ನಿಲ್ಲಿಸಿದರು, ಸ್ವಯಂನಿವೃತ್ತಿ ಎಂದು ಕೈಗೆ ಕಂತೆ ಕೊಟ್ಟು ಮನೆಗೆ ಕಳಿಸಿದರು. ಐಟಿಐ ಸೊರಗಿತು, ಎನ್‌ಜಿಇಎಫ್ ಬಾಗಿಲು ಹಾಕಿತು. ಎಚ್‌ಎಎಲ್ ತಂಡ 2010ರಲ್ಲಿ ಐ-ಲೀಗ್ ತನಕ ಏರಿ, ಕಾರ್ಖಾನೆಯ ಸಂಬಳದವರನ್ನೇ ಕಟ್ಟಿಕೊಂಡು ಕೋಟಿಗಟ್ಟಲೆ ಸುರಿಯುವ ಕ್ಲಬ್ಬುಗಳೆದುರು ಎರಡು ವರ್ಷ ಹೆಣಗಿ 2012ರಲ್ಲಿ ಕೆಳಗಿಳಿಯಿತು. ಇವೆಲ್ಲ ಮುಚ್ಚಿಹೋದಾಗ ಫುಟ್‌ಬಾಲ್ ಫೆಡರೇಷನ್ನಿನ ಮಹಾಶಯರು ಒಂದು ಮಾತು ಆಡಿದ್ದನ್ನು ನಾನಂತೂ ಕೇಳಿಲ್ಲ. ಆಟಗಾರನ ಅನ್ನದ ಬಟ್ಟಲು ಹೋದ ಮೇಲೆ ಆಟ ಎಲ್ಲಿಂದ ಬರಬೇಕು?

ಕನ್ನಡ ಚಳವಳಿಯವರಿಗೆ ಇಲ್ಲೊಂದು ಮಾತು ನೆನಪಾಗಬೇಕು. ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ಕೊಟ್ಟ ವರದಿ. ಕೇಂದ್ರ ಸರ್ಕಾರದ ಕಾರ್ಖಾನೆಗಳಲ್ಲಿ ಸಿ ಮತ್ತು ಡಿ ದರ್ಜೆಯ ಕೆಲಸ ಕನ್ನಡಿಗರಿಗೇ ಸಿಗಬೇಕು ಎಂದಿತ್ತು. ಅದಕ್ಕಾಗಿ ನಾವು ಬೀದಿಗಿಳಿದೆವು, ಲಾಠಿ ತಿಂದೆವು, ನಮ್ಮಪ್ಪನ ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಕರಪತ್ರ ಅಚ್ಚಾಯಿತು. ಆದರೆ ಆ ಸಿ ಮತ್ತು ಡಿ ದರ್ಜೆಯ ಕೆಲಸಗಳಲ್ಲೇ ಆಟಗಾರರ ಕೋಟಾ ಇತ್ತು, ಅದೇ ಬೆಂಗಳೂರು ಫುಟ್‌ಬಾಲಿನ ಬೆನ್ನೆಲುಬು ಎಂಬುದು ನಮಗ್ಯಾರಿಗೂ ಹೊಳೆಯಲಿಲ್ಲ. ವರದಿಯನ್ನು ಜಾರಿಗೆ ತನ್ನಿ ಎಂದು ಕೂಗುತ್ತಲೇ ಇದ್ದೆವು, ಇತ್ತ ಕೆಲಸಗಳೇ ಮಾಯವಾದವು.

ತಪ್ಪು ಬರೀ ಅವರದೇ ಎಂದರೆ ಸುಳ್ಳಾಗುತ್ತದೆ. ನಮ್ಮದೂ ಇದೆ. ನನಗೆ ಹನ್ನೆರಡು ವರ್ಷ ಇದ್ದಾಗಿನ ಮಾತು. ನಮ್ಮ ಬಡಾವಣೆಯ ಒಂದು ಯುವಕ ಸಂಘ ಪ್ರತಿವರ್ಷ ರಾಜ್ಯೋತ್ಸವಕ್ಕೆ ಫುಟ್‌ಬಾಲ್ ಪಂದ್ಯ ನಡೆಸುತ್ತಿತ್ತು. ಕರಪತ್ರ, ರಸೀದಿ ಪುಸ್ತಕ, ಗೋಡೆಗೆ ಅಂಟಿಸುವ ಪೋಸ್ಟರ್ ಎಲ್ಲ ನಮ್ಮಪ್ಪನದೇ ಕೆಲಸ. ಮೊಳೆ ಜೋಡಿಸಿ ಟ್ರೆಡಲಿನಲ್ಲಿ ಹೊಡೆಯುವ ಕಾಲ. ತಂಡಗಳ ಹೆಸರಿನ ಪಟ್ಟಿಯಲ್ಲಿ ಪ್ರತಿವರ್ಷ ಮೊದಲು ಬರುತ್ತಿದ್ದುದು ಹಲಸೂರು ಕಡೆಯ ಒಂದು ತಂಡ, ಯಾಕೆಂದರೆ ಕಪ್ಪು ಅವರದೇ. ಅವರು ಆಡುವ ದಿನ ಮೈದಾನದ ಸುತ್ತ ಕಾಂಪೌಂಡಿನ ಮೇಲೆ, ಮರದ ಮೇಲೆ ಜನ. 1991ರ ಡಿಸೆಂಬರಿನಲ್ಲಿ ಕಾವೇರಿ ಗಲಾಟೆ ಆಯಿತು. ಏನೇನಾಯಿತೆಂದು ಗೊತ್ತಿರುವವರಿಗೆ ಗೊತ್ತಿದೆ. ಮುಂದಿನ ವರ್ಷ ಸಂಘದವರು ಕರಪತ್ರದ ಒಕ್ಕಣೆ ತಂದುಕೊಟ್ಟಾಗ ಆ ತಂಡದ ಹೆಸರು ಇರಲಿಲ್ಲ. ನಮ್ಮಪ್ಪ, 'ಯಾಕ್ರೀ, ಹಲಸೂರಿನವರ ಹೆಸರು ಬಿಟ್ಟಿದ್ದೀರಿ?' ಎಂದು ಕೇಳಿದರು. 'ಅವರು ತಮಿಳರು ಕಣ್ರೀ, ಈ ಸಲ ಬೇಡ' ಎಂದರು. ಅಪ್ಪ ಮಾತಾಡದೆ ಅಚ್ಚು ಹಾಕಿದರು. ಹಣ ಕೊಡುವ ಗಿರಾಕಿ, ಏನು ಮಾಡುವುದು.

ಹಂಚಿದ ಕರಪತ್ರ ಹೇಗೋ ಅವರ ಕೈಗೆ ಸಿಕ್ಕಿದೆ. ಆ ತಂಡದ ಕ್ಯಾಪ್ಟನ್ ಸೈಕಲ್ ತುಳಿದುಕೊಂಡು ನಮ್ಮ ಪ್ರೆಸ್ಸಿಗೇ ಬಂದ. ಕೆಳಗಡೆ ಪ್ರೆಸ್ಸಿನ ವಿಳಾಸ ಹಾಕಿರುತ್ತಿದ್ದೆವಲ್ಲ. 'ಸಾರ್, ನಮ್ದು ಟೀಮ್ ಹೆಸರು ಪ್ರಿಂಟಲ್ಲಿ ಬಿಟ್ಟೋಗಿದೆ, ನೀವು ಮರೆತುಬಿಟ್ರಾ?' ಎಂದು ಕನ್ನಡದಲ್ಲೇ ಕೇಳಿದ. ಅವನು ಮುದ್ರಣದೋಷ ಎಂದುಕೊಂಡಿದ್ದ. ನಮ್ಮಪ್ಪ 'ಹೌದಪ್ಪ, ಬಿಟ್ಟುಹೋಗಿದೆ' ಎಂದರು. ಸಂಘದವರ ಹೆಸರು ಹೇಳಲಿಲ್ಲ, ತಾವೇ ತಪ್ಪು ಹೊತ್ತುಕೊಂಡರು. ಅವನು ಸ್ವಲ್ಪ ಹೊತ್ತು ನಿಂತಿದ್ದು ಹೋದ. ಆ ವರ್ಷ ಪಂದ್ಯಕ್ಕೆ ಜನ ಸೇರಲಿಲ್ಲ. ಇನ್ನೆರಡು ವರ್ಷಕ್ಕೆ ಪಂದ್ಯವೇ ನಿಂತಿತು. ಆಮೇಲೆ ಟೆನಿಸ್ ಬಾಲ್ ಕ್ರಿಕೆಟ್ ಬಂತು.

ಅರುಮೈನಾಯಗಂ ಮನೆಮಾತು ತಮಿಳು ಇರಬಹುದು, ಅಹ್ಮದ್ ಖಾನ್ ಮನೆಮಾತು ಉರ್ದು ಇರಬಹುದು. ಆಸ್ಟಿನ್ ಟೌನಿನಲ್ಲಿ ಬೆಳೆದು ಭಾರತ ತಂಡದ ನಾಯಕನಾದ ಕಾರ್ಲ್‌ಟನ್ ಚಾಪ್‌ಮನ್ ಮನೆಯಲ್ಲಿ ಇಂಗ್ಲಿಷ್ ಇರಬಹುದು. ಚಾಪ್‌ಮನ್ 1993ರಲ್ಲಿ ಇರಾಕಿನ ಅಲ್ ಜವ್ರಾ ತಂಡದ ಮೇಲೆ ಹ್ಯಾಟ್ರಿಕ್ ಹೊಡೆದವರು, 2020ರ ಅಕ್ಟೋಬರಿನಲ್ಲಿ ಐವತ್ತು ತುಂಬುವ ಮುಂಚೆಯೇ ಇದೇ ಬೆಂಗಳೂರಿನಲ್ಲಿ ಹೋಗಿಬಿಟ್ಟರು. ಇವರೆಲ್ಲ ಈ ಊರಿನ ನೀರು ಕುಡಿದು ಬೆಳೆದವರು. ಮೈಸೂರಿನ, ಕರ್ನಾಟಕದ ಅಂಗಿ ತೊಟ್ಟು ಆಡಿದವರು. ನಾಡಿಗೆ ಕಪ್ಪು ತಂದವನನ್ನು ನಾಡಿನವನಲ್ಲ ಎಂದರೆ ಹೇಗೆ? ಕನ್ನಡ ಕಲಿಸಬೇಕಾದರೆ ಮೊದಲು ಹತ್ತಿರ ಕರೆದು ಕೂರಿಸಬೇಕು. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡು ಬದುಕುತ್ತಿರುವ ಹಲಸೂರಿನ ಗೌತಮಪುರಕ್ಕೆ ನಮ್ಮ ಬಾವುಟ ಹಿಡಿದವರು ಎಷ್ಟು ಜನ ಹೋಗಿದ್ದೀರಿ? ಚುನಾವಣೆಯಲ್ಲಿ ಓಟು ಕೇಳುವವರು ಹೋಗುತ್ತಾರೆ. ನಾವು ಹೋಗಿಲ್ಲ.

ನಮ್ಮ ದಕ್ಷಿಣದ ಬಡಾವಣೆಗಳ ಕಡೆ ಬನ್ನಿ. ಜಯನಗರದ ಶಾಲಿನಿ ಮೈದಾನ, ಕಿತ್ತೂರು ರಾಣಿ ಚೆನ್ನಮ್ಮ ಕ್ರೀಡಾಂಗಣ, ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನ ಬಿಟ್ಟರೆ ಮಕ್ಕಳು ಹಂಗಿಲ್ಲದೆ ಓಡಾಡುವ ಜಾಗ ಎಷ್ಟು ಉಳಿದಿವೆ, ಬೆರಳಲ್ಲಿ ಎಣಿಸಿ. ಅವುಗಳಲ್ಲೂ ಒಂದು ವಾರ ಪುಸ್ತಕ ಮೇಳ, ಒಂದು ವಾರ ಖಾದಿ ಮೇಳ, ಇನ್ನೊಂದು ವಾರ ಯಾವುದೋ ಪಕ್ಷದ ಸಮಾವೇಶ. ಶಾಮಿಯಾನದ ಗೂಟ ಕಿತ್ತ ಗುಂಡಿಯಲ್ಲಿ ಕಾಲು ಉಳುಕಿಸಿಕೊಂಡವರೆಷ್ಟೋ. ನಮ್ಮ ಸಮ್ಮೇಳನಗಳ ಶಾಮಿಯಾನವೂ ಅದರಲ್ಲಿ ಸೇರಿದೆ, ಒಪ್ಪಿಕೊಳ್ಳೋಣ.

ಬಿಟಿಎಂ ಲೇಔಟ್, ಜೆ.ಪಿ. ನಗರದ ಕಡೆ ಹೊಸದೊಂದು ದಂಧೆ ಎದ್ದಿದೆ. ಖಾಲಿ ಸೈಟಿಗೆ, ಕಟ್ಟಡದ ತಾರಸಿಗೆ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿ, ಸುತ್ತ ಬಲೆ ಕಟ್ಟಿ, ಟರ್ಫ್ ಎಂದು ಬೋರ್ಡು ಹಾಕಿದರೆ ಮುಗಿಯಿತು. ಬೋರ್ಡು ಇಂಗ್ಲಿಷಿನಲ್ಲಿ, ಬುಕಿಂಗ್ ಮೊಬೈಲಿನಲ್ಲಿ, ಗಂಟೆಗೆ ಸಾವಿರದ ಮೇಲೆ ಬಾಡಿಗೆ. ರಾತ್ರಿ ಹತ್ತು ಗಂಟೆಗೆ ಐಟಿ ಕಂಪನಿಯವರು ಬಂದು ಬೆವರು ಸುರಿಸಿ ಹೋಗುತ್ತಾರೆ. ಸಂತೋಷ, ಆಡಲಿ ಪಾಪ. ಆದರೆ ಬನಶಂಕರಿಯ ಆಟೋ ಡ್ರೈವರ್ ಮಗ ಗಂಟೆಗೆ ಸಾವಿರ ಎಲ್ಲಿಂದ ತಂದಾನು? ನಮ್ಮ ಪ್ರೆಸ್ಸಿಗೆ ಬೈಂಡಿಂಗ್ ಕೆಲಸಕ್ಕೆ ಬರುವ ಹುಡುಗನೊಬ್ಬ ಸೊಗಸಾಗಿ ಆಡುತ್ತಾನೆ. ಕಾಗದದ ಉಂಡೆಯನ್ನು ಕಾಲಲ್ಲೇ ಐವತ್ತು ಅರವತ್ತು ಸಲ ನೆಲಕ್ಕೆ ಬೀಳದಂತೆ ಕುಣಿಸುತ್ತಾನೆ. 'ಕ್ಲಬ್ಬಿಗೆ ಸೇರ್ಕೊಳ್ಳೋ' ಎಂದೆ. 'ಫೀಸು ಕೇಳಿದೆ ಅಣ್ಣ' ಎಂದು ನಕ್ಕು ಕಟಿಂಗ್ ಮೆಷಿನ್ ಕಡೆ ಹೋದ. ಹಿಂದೆ ಆಡಿದವನಿಗೆ ಕಂಪನಿ ಸಂಬಳ ಕೊಡುತ್ತಿತ್ತು. ಈಗ ಆಡುವವನೇ ಕಂಪನಿಗೆ ಫೀಸು ಕಟ್ಟಬೇಕು. ಭಾರತದ ಫುಟ್‌ಬಾಲ್ 94ರಿಂದ 142ಕ್ಕೆ ಯಾಕೆ ಇಳಿಯಿತು ಎಂದು ಟಿವಿಯಲ್ಲಿ ಟೈ ಕಟ್ಟಿಕೊಂಡು ಕೂತು ಚರ್ಚೆ ಮಾಡುವವರು ಆ ಹುಡುಗನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಬೆಂಗಳೂರು ಎಫ್‌ಸಿಯನ್ನು ಸುಮ್ಮನೆ ಬೈಯುವವನು ನಾನಲ್ಲ. 2013ರಲ್ಲಿ ಹುಟ್ಟಿ ಮೊದಲ ವರ್ಷವೇ ಐ-ಲೀಗ್ ಗೆದ್ದ ತಂಡ ಅದು. 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬು. 2019ರ ಮಾರ್ಚಿನಲ್ಲಿ ಐಎಸ್‌ಎಲ್ ಗೆದ್ದಿತು. ಕಂಠೀರವದಲ್ಲಿ ಸಾವಿರಾರು ಹುಡುಗರು ನೀಲಿ ಅಂಗಿ ತೊಟ್ಟು ಬೆಂಗಳೂರಿನ ಹೆಸರು ಕೂಗುವುದನ್ನು ಕೇಳಿದಾಗ ಮೈ ಜುಮ್ಮೆಂದದ್ದೂ ಉಂಟು. ಜಿಂದಾಲರ ದುಡ್ಡು ಇಲ್ಲದಿದ್ದರೆ ಅದೂ ಇರುತ್ತಿರಲಿಲ್ಲ. ಆದರೆ ಹನ್ನೊಂದು ಜನರ ಪಟ್ಟಿ ಹಾಕಿದರೆ ನಮ್ಮ ನಾಡಿನ ಹುಡುಗರು ಬಹುತೇಕ ದಿನ ಬೆಂಚಿನ ಮೇಲೂ ಕಾಣುತ್ತಿರಲಿಲ್ಲ. ಗೋಲು ಹೊಡೆಯುವ ಜಾಗವನ್ನು ಎಲ್ಲ ತಂಡಗಳೂ ವಿದೇಶಿಯರಿಗೆ ಕೊಟ್ಟವು. ಪರಿಣಾಮ? ಅಂತಾರಾಷ್ಟ್ರೀಯ ಆಟದಿಂದ ನಿವೃತ್ತಿಯಾಗಿದ್ದ ಸುನಿಲ್ ಛೆಟ್ರಿಯವರನ್ನು ನಲವತ್ತನೇ ವಯಸ್ಸಿನಲ್ಲಿ, 2025ರ ಮಾರ್ಚಿನಲ್ಲಿ, ಮತ್ತೆ ದೇಶದ ತಂಡಕ್ಕೆ ಕರೆತರಬೇಕಾಯಿತು. ನೂರ ನಲವತ್ತು ಕೋಟಿಯಲ್ಲಿ ಇನ್ನೊಬ್ಬ ಸಿಗಲಿಲ್ಲ! ಅವರ ತಪ್ಪೇನಿದೆ, ಹಿರಿಯ ಮನುಷ್ಯ ಕರೆದಾಗ ಬಂದರು. ಕರೆದವರಿಗೆ ನಾಚಿಕೆಯಾಗಬೇಕು.

2023ರ ಮಾರ್ಚ್ 4ರಂದು ಇದಕ್ಕೆಲ್ಲ ಒಂದು ಉತ್ತರ ಸಿಕ್ಕಿತ್ತು. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮೇಲೆ ಇದೇ ಮೊದಲು. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಾಂ, ರಾಬಿನ್ ಯಾದವ್. ಹೆಸರು ನೋಡಿ ಹುಬ್ಬು ಹಾರಿಸಬೇಡಿ, ನಾಡಿನ ಅಂಗಿಯ ಮಾತು ಮೇಲೆಯೇ ಆಡಿದ್ದೇನೆ. ಐಪಿಎಲ್ಲಿನಲ್ಲಿ ಒಂದು ಪಂದ್ಯ ಗೆದ್ದರೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಪಟಾಕಿ ಹೊಡೆಯುತ್ತಾರೆ. ಆವತ್ತು ರಾತ್ರಿ ನಮ್ಮ ಬೀದಿಯಲ್ಲಿ ಒಂದು ಸದ್ದಿಲ್ಲ. ಅದೇ ವರ್ಷ ಜುಲೈ 4ರಂದು ಕಂಠೀರವದಲ್ಲಿ ಭಾರತ ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿ ಸ್ಯಾಫ್ ಕಪ್ ಗೆದ್ದಾಗ ಕ್ರೀಡಾಂಗಣ ಕಿಕ್ಕಿರಿದಿತ್ತು. ಅಂದರೆ ಜನಕ್ಕೆ ಆಸೆ ಇಲ್ಲವೆಂದಲ್ಲ. ಕರೆಯುವವರಿಲ್ಲ.

ಮಿಜೋರಾಂ ನೋಡಿ. 2011ರ ಜನಗಣತಿಯಂತೆ ಇಡೀ ರಾಜ್ಯದಲ್ಲಿ ಹನ್ನೊಂದು ಲಕ್ಷ ಜನ, ನಮ್ಮ ದಕ್ಷಿಣ ಬೆಂಗಳೂರಿಗಿಂತ ಕಡಿಮೆ. 2012ರಲ್ಲಿ ತಮ್ಮದೇ ಲೀಗ್ ಕಟ್ಟಿದರು. ಮುಂಬಯಿಯ ಧಣಿಗಳನ್ನು ಕಾಯಲಿಲ್ಲ, ಅಲ್ಲಿಯದೇ ಕೇಬಲ್ ಟಿವಿಯವರು ಹಣ ಹಾಕಿ ಪಂದ್ಯಗಳನ್ನು ಮನೆಮನೆಗೆ ತೋರಿಸಿದರು. ಐದು ವರ್ಷಕ್ಕೆ, 2017ರಲ್ಲಿ, ಐಜ್ವಾಲ್ ಎಫ್‌ಸಿ ಎಂಬ ಬಡ ತಂಡ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಬೆಂಗಳೂರು ಎಲ್ಲರನ್ನೂ ಹಿಂದೆ ಹಾಕಿ ಐ-ಲೀಗ್ ಗೆದ್ದಿತು. ಅವರು ತಮ್ಮ ಭಾಷೆಯನ್ನೂ ಬಿಟ್ಟಿಲ್ಲ, ತಮ್ಮ ಹುಡುಗರನ್ನೂ ಬಿಟ್ಟಿಲ್ಲ. ನಾವು ಎರಡನ್ನೂ ಗುತ್ತಿಗೆಗೆ ಕೊಟ್ಟಿದ್ದೇವೆ.

ಹಾಗಾಗಿ ಗೆಳೆಯರೇ, ಬೋರ್ಡಿಗೆ ಮಸಿ ಬಳಿಯುವ ಕೆಲಸ ಒಂದು ಕಡೆ ಇರಲಿ. ಬೆಂಗಳೂರಿನ ಹೆಸರು ಇಟ್ಟುಕೊಂಡು ಆಡುವ ಯಾವುದೇ ತಂಡ ಕರ್ನಾಟಕದಲ್ಲಿ ಬೆಳೆದ ಇಷ್ಟು ಹುಡುಗರನ್ನು ಮೈದಾನಕ್ಕಿಳಿಸಲೇಬೇಕು ಎಂದು ರಾಜ್ಯ ಸರ್ಕಾರ ಕೇಳಲಿ. ಕಂಠೀರವ ರಾಜ್ಯದ ಸ್ವತ್ತು ತಾನೇ, ಬಾಡಿಗೆ ಪತ್ರದಲ್ಲೇ ಆ ಷರತ್ತು ಬರೆಯಲಿ. 2022ರಲ್ಲಿ ನಮ್ಮ ರಾಜ್ಯ ಸಂಸ್ಥೆಯ ಅಧ್ಯಕ್ಷ, ಶಾಸಕ ಎನ್.ಎ. ಹ್ಯಾರಿಸ್ ಅವರೇ ಅಖಿಲ ಭಾರತ ಫೆಡರೇಷನ್ನಿನ ಉಪಾಧ್ಯಕ್ಷರಾಗಿ ಆರಿಸಿ ಬಂದರು. ಅವರನ್ನು ಕೇಳುವ ಹಕ್ಕು ನಮಗಿದೆ. ಎಚ್‌ಎಎಲ್, ಬಿಇಎಲ್ ಕಾರ್ಖಾನೆಗಳ ಗೇಟಿನ ಮುಂದೆ ನೇಮಕಾತಿಗಾಗಿ ಧರಣಿ ಕೂರುವಾಗ ಆಟಗಾರರ ಕೋಟಾ ಎಂಬ ಒಂದು ಸಾಲನ್ನು ಮನವಿ ಪತ್ರಕ್ಕೆ ಸೇರಿಸಿ. ನಮ್ಮ ಐಟಿ ಕಂಪನಿಗಳೂ ಒಬ್ಬೊಬ್ಬ ಆಟಗಾರನಿಗೆ ಕೆಲಸ ಕೊಟ್ಟರೆ ಅವು ಮುಳುಗಿಹೋಗುವುದಿಲ್ಲ. ಮೈದಾನದಲ್ಲಿ ಶಾಮಿಯಾನ ಹಾಕಲು ಅನುಮತಿ ಕೊಡುವ ಪಾಲಿಕೆಯ ಇಂಜಿನಿಯರರನ್ನು ಬೇಕಾದರೆ ನಾವೇ ಹೋಗಿ ಘೇರಾವ್ ಮಾಡೋಣ.

ಬರುವ ರಾಜ್ಯೋತ್ಸವಕ್ಕೆ ಆ ಹಳೇ ಪಂದ್ಯವನ್ನು ಮತ್ತೆ ನಡೆಸಬೇಕೆಂದು ನಾವು ನಾಲ್ಕು ಜನ ಮಾತಾಡಿಕೊಂಡಿದ್ದೇವೆ. ಕರಪತ್ರ, ರಸೀದಿ ಪುಸ್ತಕ, ಪೋಸ್ಟರ್ ನನ್ನ ಲೆಕ್ಕ, ಕಾಗದದ ಖರ್ಚೂ ನನ್ನದೇ. ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್, ನೀಲಸಂದ್ರಕ್ಕೆ ನಾನೇ ಸ್ಕೂಟರಿನಲ್ಲಿ ಹೋಗಿ ಕರೆದು ಬರುತ್ತೇನೆ. ಆ ಕ್ಯಾಪ್ಟನ್ ಈಗ ಎಲ್ಲಿದ್ದಾನೋ, ಅರವತ್ತರ ಹತ್ತಿರ ಇರಬೇಕು. ಪಟ್ಟಿಯಲ್ಲಿ ಅವನ ತಂಡದ ಹೆಸರನ್ನು ಮೊದಲು ಹಾಕುತ್ತೇನೆ. ಮೈದಾನ ಮಾತ್ರ ಇನ್ನೂ ಸಿಕ್ಕಿಲ್ಲ. ಗೊತ್ತಿರುವವರು ತಿಳಿಸಿ.